ಲಾಲಿಯ ಹಾಲು

ಚಿಕ್ಕೇರೂರು
ತಾ. ೮-೧-೧೯೩೯

ಸವಣೂರಿನ ಟಾಂಗಾ ಹಸನಸಾಹೇಬರ ಮನೆಯ ಕುಲಸುಮಬಿ ಅಕ್ಕನವರಿಗೆ, ನೀವು ಮುಖ ನೋಡದ ಒಬ್ಬ ತಂಗಿಯ ನಮಸ್ಕಾರ.

ನನ್ನ ಹೆಸರು ಶಾರವ್ವ. ಹಿರೇಕೆರೂರ ತಾಲೂಕಿನ ಚಿಕ್ಕೇರೂರಿನಲ್ಲಿ ಕಂಬಳಿ ವ್ಯಾಪಾರ ಮಾಡುವ ಮಂಜಪ್ಪನ ಮಗಳು. ನಿಮ್ಮೂರಿನ ವೀಳ್ಯದೆಲೆ ತಂದು ನಮ್ಮ ಸಂತೆಯಲ್ಲಿ ಮಾರುವ ಮಾರೆಪ್ಪ ನಿಮ್ಮ ವಿಷಯ ಹೇಳಿದ. ನಿಮ್ಮ ಯಜಮಾನರು ತೀರಿಹೋಗಿ ತಿಂಗಳಾಯಿತಂತೆ. ಅದರ ಮೇಲೆ ಈ ವಾರ ನಿಮ್ಮ ಕುದುರೆಯ ಮರಿ ಹುಟ್ಟುವಾಗಲೇ ಸತ್ತಿತಂತೆ. ಇಂಥ ಹೊತ್ತಿನಲ್ಲಿ ಇಂಥ ಮನೆಗೆ ಏನನ್ನಾದರೂ ಕೇಳಿ ಬರೆಯಬಾರದು. ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಮ್ಮಲ್ಲಿ ಆದದ್ದು ನಿಮ್ಮಲ್ಲಿ ಆದದ್ದಕ್ಕೆ ತಿರುವುಮುರುವು. ಸಂತೆಯಿಂದ ಸಂತೆಗೆ ಕಂಬಳಿ ಹೊರುತ್ತಿದ್ದ ನಮ್ಮ ಕುದುರೆ ಸಣ್ಣಿ ಮರಿ ಹಾಕಿದ ಮಧ್ಯಾಹ್ನವೇ ರಕ್ತ ನಿಲ್ಲದೆ ಸತ್ತಿತು. ಮರಿ ಬದುಕಿದೆ. ಹೆಣ್ಣು, ಮೈಯೆಲ್ಲ ಕಪ್ಪು, ಹಿಂದಿನ ಒಂದು ಕಾಲಿಗೆ ಮಾತ್ರ ಬಿಳಿ. ಸಾಯುವ ಮುಂಚೆ ತಾಯಿ ಕೊಟ್ಟ ಗಿಣ್ಣದ ಹಾಲನ್ನಷ್ಟು ಕುಡಿದಿತ್ತು. ಈಗ ಆಡಿನ ಹಾಲನ್ನು ಅರಿವೆಯಲ್ಲಿ ಅದ್ದಿ ಕುಡಿಸುತ್ತಿದ್ದೇನೆ. ಕುಡಿಯುತ್ತದೆ, ಹೊಟ್ಟೆ ಕೆಡಿಸಿಕೊಳ್ಳುತ್ತದೆ. ನಿನ್ನೆ ನಿಂತಷ್ಟು ಹೊತ್ತು ಇವತ್ತು ನಿಲ್ಲಲಿಲ್ಲ.

ಅಪ್ಪ ಅಂದ: "ಹೊಟ್ಟಿ ತುಂಬಸ್ತೀ ನೀನು, ಖರೆ. ಆದ್ರ ಕುದುರಿ ಮರಿಗೆ ಕುದುರೀನ ಬೇಕವ್ವಾ."

ಮರಿ ಮೇವು ತಿನ್ನುವಷ್ಟು ದೊಡ್ಡದಾಗುವವರೆಗೆ ನಿಮ್ಮ ಕುದುರೆಯನ್ನು ನಮ್ಮಲ್ಲಿಗೆ ಕಳಿಸಬಹುದೇ? ಮೇವು, ಹುರುಳಿ, ಆರೈಕೆ ನಮ್ಮದು. ಮರಿ ಕಳೆದುಕೊಂಡ ತಾಯಿ ಬೇರೆ ಮರಿಯನ್ನು ಒಪ್ಪುತ್ತದೆಯೇ ಎಂದು ಊರಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮಗೆ ಗೊತ್ತಿದೆಯೇ?

ಇಲ್ಲವೆಂದಾದರೂ ಬೇಗ ತಿಳಿಸುವಿರೆಂದು ಕಾಯುವ,
ಶಾರವ್ವ

•

ಸವಣೂರು
ತಾ. ೧೦-೧-೧೯೩೯

ಶಾರವ್ವನಿಗೆ ಕುಲಸುಮಬಿಯ ಸಲಾಮು.

ಆಗುವುದಿಲ್ಲ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಕೊನೆಯವರೆಗೆ ನೀನು ಆಸೆ ಇಟ್ಟುಕೊಂಡು ಓದಬಾರದು ಎಂದು.

ಯಾಕೆಂದು ಹೇಳುತ್ತೇನೆ. ಗಂಡ ತೀರಿದ ಮೇಲೆ ನಮ್ಮಲ್ಲಿ ಹೆಂಗಸು ಕೆಲವು ತಿಂಗಳು ಇದ್ದತ್ತಿನಲ್ಲಿ ಕೂರುತ್ತಾಳೆ, ಹೊಸ್ತಿಲು ದಾಟುವುದಿಲ್ಲ. ಕುದುರೆಯ ಕೊಟ್ಟಿಗೆ ನಮ್ಮ ಹಿತ್ತಲಲ್ಲೇ ಇರುವುದರಿಂದ ಲಾಲಿಯ ಹತ್ತಿರ ಹೋಗುವುದು ಸಾಧ್ಯವಾಯಿತು. ಅವಳ ಹೆಸರು ಲಾಲಿ. ನನ್ನ ಯಜಮಾನರು ಇಟ್ಟದ್ದು. ಹೋದ ವರ್ಷ ಅವಳನ್ನು ಶಿಗ್ಗಾಂವಿಗೆ ಹೊಡೆದುಕೊಂಡು ಹೋಗಿ ಗಂಡು ಕೂಡಿಸಿಕೊಂಡು ಬಂದವರೂ ಅವರೇ. ಮರಿ ನೋಡಲು ಅವರು ಉಳಿಯಲಿಲ್ಲ.

ಬೆಳಕು ಹರಿಯುವಾಗ ಎರಡು ಮುಂಗಾಲು ಬಂದವು, ತಲೆ ಬರಲಿಲ್ಲ. ಮೈದುನ ಬಾಬುಸಾಬ ಕುದುರೆ ವೈದ್ಯನನ್ನು ಕರೆಯಲು ಓಡಿದ. ವೈದ್ಯ ಪರವೂರಿಗೆ ಹೋಗಿದ್ದ. ತಿರುಗಿ ಬಂದವನು ನನಗೆ ಬೆನ್ನು ಮಾಡಿ, ಲಾಲಿಯ ತಲೆ ಹಿಡಿದು ನಿಂತು, "ಭಾಬಿ, ನಿಮ್ಮ ಕೈ ಸಣ್ಣದೈತ್ರಿ. ನೀವ ನೋಡ್ರಿ" ಅಂದ. ಮೊಳಕೈವರೆಗೆ ಕೈ ಹಾಕಿದೆ. ಮರಿಯ ಕುತ್ತಿಗೆ ಹಿಂದಕ್ಕೆ ಮಡಚಿಕೊಂಡಿತ್ತು. ಮೊದಲು ಕಿವಿ ಸಿಕ್ಕಿತು, ಆಮೇಲೆ ಕಣ್ಣಿನ ರೆಪ್ಪೆ. ದವಡೆ ಹಿಡಿದು ತಿರುಗಿಸುವಾಗ ಅದರ ತುಟಿ ನನ್ನ ಅಂಗೈಯಲ್ಲಿ ಒಮ್ಮೆ ಅಲುಗಿತು. ಹೊರಗೆ ಬಂದಾಗ ಉಸಿರಿರಲಿಲ್ಲ. ಹಳೆಯ ಕೌದಿಯಿಂದ ಎಷ್ಟು ತಿಕ್ಕಿದರೂ ಬರಲಿಲ್ಲ. ಗಂಡು, ತಾಯಿಯ ಹಾಗೆ ಕೆಂಪು. ಪೇರಲ ಗಿಡದ ಹತ್ತಿರ ಹೂಳಿದೆವು.

ಆವತ್ತಿನಿಂದ ಲಾಲಿ ಹುಲ್ಲು ಕೆದರುತ್ತಾಳೆ. ನಾನು ಹೋದರೆ ನನ್ನ ಕೈಯನ್ನೇ ಮೂಸುತ್ತಾಳೆ, ಎಲ್ಲಿಟ್ಟೆ ಎಂದು ಕೇಳುವ ಹಾಗೆ. ಕೆಚ್ಚಲು ಬಿಗಿಯುತ್ತದೆಂದು ನಾನೇ ಹಾಲು ಹಿಂಡಿ ಗಿಡದ ಬುಡಕ್ಕೆ ಸುರಿಯುತ್ತೇನೆ. ಇಂಥವಳನ್ನು ಗುರುತಿಲ್ಲದ ಊರಿಗೆ ಹೇಗೆ ಕಳಿಸಲಿ?

ಇಲ್ಲಿನ ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವಳು. ತಪ್ಪಿದ್ದರೆ ತಿದ್ದಿ ಓದಿಕೋ.

ನಿನ್ನ ಮರಿಗಾಗಿ ದುವಾ ಮಾಡುವ,
ಕುಲಸುಮಬಿ

•

ಚಿಕ್ಕೇರೂರು
ತಾ. ೧೧-೧-೧೯೩೯

ಅಕ್ಕಾ,

ನಿಮ್ಮ ಪತ್ರವನ್ನು ಅಪ್ಪ ಅವ್ವನಿಗೆ ಓದಿ ಹೇಳಿದೆ. ಗಿಡದ ಬುಡಕ್ಕೆ ಹಾಲು ಸುರಿಯುವ ಮಾತನ್ನು ಮಾತ್ರ ಓದಲಿಲ್ಲ.

ಇನ್ನೊಮ್ಮೆ ಬೇಡುವುದಿಲ್ಲ. ಆದರೆ ನನಗೆ ಕೆಲವು ಸಂಗತಿ ತಿಳಿಯಬೇಕು. ಲಾಲಿ ಹುಲ್ಲು ಕೆದರುವುದು ಮರಿ ಬಿದ್ದ ಜಾಗದಲ್ಲೋ, ಕೊಟ್ಟಿಗೆಯ ತುಂಬವೋ? ಕೂಗುತ್ತಾಳೆಯೇ? ನಿಮ್ಮ ಕೈ ಮೂಸಿದ ಮೇಲೆ ಏನು ಮಾಡುತ್ತಾಳೆ? ಮುಖ ತಿರುಗಿಸುತ್ತಾಳೋ, ಅಲ್ಲೇ ನಿಲ್ಲುತ್ತಾಳೋ? ನೀವು ಅದನ್ನು ಬರೆಯಲಿಲ್ಲ.

ಯಾಕೆ ಕೇಳುತ್ತೇನೆಂದರೆ, ಇಲ್ಲಿ ನಮ್ಮ ಮರಿ ತನಗಿಂತ ಎತ್ತರ ಇರುವುದೆಲ್ಲದರ ಕಡೆಗೆ ಹೋಗುತ್ತದೆ. ಬಾಗಿಲ ಚೌಕಟ್ಟು, ಬಂಡಿಯ ಗಾಲಿ, ಅವ್ವನ ಸೀರೆಯ ನಿರಿಗೆ, ಎಲ್ಲಕ್ಕೂ ಮೂತಿ ಒತ್ತಿ ನೋಡುತ್ತದೆ. ಏನು ಹುಡುಕುತ್ತಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ಲಾಲಿಗೆ ಗೊತ್ತಿರಬೇಕು, ಅಲ್ಲವೇ?

ನಮ್ಮಲ್ಲಿ ಲಾಲಿ ಎಂದರೆ ಕೂಸಿಗೆ ತೊಟ್ಟಿಲಲ್ಲಿ ಹಾಡುವ ಪದ. ನಿಮ್ಮ ಮಾತಿನಲ್ಲಿ ಏನು?

ತಿಳಿಯುವ ಹಂಬಲ ಬಿಡದ,
ಶಾರವ್ವ

•

ಸವಣೂರು
ತಾ. ೧೨-೧-೧೯೩೯

ತಂಗಿ ಶಾರವ್ವಾ,

ನಮ್ಮಲ್ಲಿ ಲಾಲಿ ಎಂದರೆ ಕೆಂಪು ಬಣ್ಣ. ಅವಳ ಮೈಬಣ್ಣ ನೋಡಿ ಇಟ್ಟ ಹೆಸರು.

ನಿನ್ನ ಪತ್ರವನ್ನು ಕೈಯಲ್ಲಿ ಹಿಡಿದೇ ಕೊಟ್ಟಿಗೆಗೆ ಹೋದೆ. ಕೇಳಿದ್ದಕ್ಕೆ ಉತ್ತರ ಕೊಡಬೇಕಾದರೆ ನೋಡಬೇಕಲ್ಲ. ಹುಲ್ಲು ಕೆದರುವುದು ಮರಿ ಬಿದ್ದ ಜಾಗದಲ್ಲಿ ಮಾತ್ರ. ಕೂಗುತ್ತಾಳೆ, ಮೆಲ್ಲಗೆ, ಮೂಗಿನಲ್ಲೇ. ಇನ್ನು ನನ್ನ ಕೈ. ಮೂಸಿದಳು, ಆಮೇಲೆ ನೆಕ್ಕಿದಳು. ಅಂಗೈ, ಬೆರಳು, ಮುಂಗೈ, ಬಹಳ ಹೊತ್ತು ನೆಕ್ಕಿದಳು. ದಿನವೂ ಹಾಗೇ ಮಾಡುತ್ತಿದ್ದಳೆಂದು ಆಗ ನೆನಪಾಯಿತು. ಮೂಸಿದ್ದಷ್ಟೇ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಮರಿ ಹೋದದ್ದಕ್ಕೆ ನನ್ನ ಮೇಲೆ ಸಿಟ್ಟಿದ್ದರೆ ನೆಕ್ಕುತ್ತಾಳೆಯೇ? ಮರಿಯ ವಾಸನೆ ಉಳಿದಿರುವುದು ನನ್ನ ಕೈಯಲ್ಲೆಂದು ಬಂದು ನೆಕ್ಕುತ್ತಿದ್ದಾಳೆ.

ನಾಳೆ ಬೆಳಗಾಗುತ್ತಲೇ ಬಾಬುಸಾಬ ಅವಳನ್ನು ನಡೆಸಿಕೊಂಡು ಹೊರಡುತ್ತಾನೆ. ನಿನ್ನ ಮರಿ ತಡೆದುಕೊಳ್ಳುವುದೋ ಇಲ್ಲವೋ, ಅದಕ್ಕೆ ನೀವು ಅರ್ಧ ದಾರಿ ಬನ್ನಿ. ಸಂಕ್ರಾಂತಿಯ ದಿನ ಮಧ್ಯಾಹ್ನ ಹಾನಗಲ್ಲಿನ ಕೆರೆಯ ಬದಿಗೆ ಹುಣಸೆ ಗಿಡಗಳಿವೆಯಂತೆ, ಅಲ್ಲಿ. ಈ ಪತ್ರವನ್ನು ಮೋಟಾರಿನವನ ಕೈಯಲ್ಲಿ ಕೊಡುತ್ತಿದ್ದೇನೆ.

ಮರಿಯನ್ನು ಒರೆಸಿದ ಕೌದಿಯನ್ನು ನಾನು ತೊಳೆದಿಲ್ಲ. ಬಾಬುಸಾಬನ ಹತ್ತಿರ ಕಟ್ಟಿ ಕಳಿಸಿದ್ದೇನೆ. ನಿನ್ನ ಮರಿಗೆ ಹೊದಿಸು. ಲಾಲಿ ಹೆದರಿದರೆ "ಬಸ್ ಬೇಟಾ, ಬಸ್" ಅನ್ನು. ಅವಳಿಗೆ ಕನ್ನಡ ಬರುವುದಿಲ್ಲ.

ಒಂದೇ ಕರಾರು. ಆದದ್ದನ್ನೆಲ್ಲ ಬರೆಯಬೇಕು. ನಾನು ನೋಡಲಾರೆ, ನೀನು ನೋಡಿ ನನಗೆ ಹೇಳು.

ಕುಲಸುಮಬಿ

•

ಚಿಕ್ಕೇರೂರು
ತಾ. ೧೭-೧-೧೯೩೯

ಅಕ್ಕಾ,

ಇಬ್ಬರೂ ಚೆನ್ನಾಗಿದ್ದಾರೆ. ಮೊದಲು ಇದನ್ನು ಬರೆದು ಆಮೇಲೆ ಉಳಿದದ್ದು.

ಸಂಕ್ರಾಂತಿಯ ದಿನ ಮನೆ ಬಿಟ್ಟು ಹೊರಡುವುದೇ ಎಂದು ಅವ್ವ ತಿಪ್ಪವ್ವ ರೇಗಿದಳು. ರೇಗುತ್ತಲೇ ರೊಟ್ಟಿ ಕಟ್ಟಿಕೊಟ್ಟಳು. ಬಂಡಿಯಲ್ಲಿ ಹುಲ್ಲು ಹಾಸಿ ಮರಿಯ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ತಿಳವಳ್ಳಿ ದಾಟುವ ಹೊತ್ತಿಗೆ ಅದು ಅರಿವೆ ಚೀಪುವುದನ್ನೂ ಬಿಟ್ಟಿತು.

ನಾವು ಮುಟ್ಟಿದಾಗ ಬಾಬುಸಾಬಣ್ಣ ಆಗಲೇ ಬಂದು ಲಾಲಿಗೆ ನೀರು ಕುಡಿಸುತ್ತಿದ್ದ. ನಮ್ಮ ಮರಿಯನ್ನು ನೋಡಿ ಅವನ ಮುಖ ಸಣ್ಣದಾಯಿತು. "ಕರೇದೈತಲ್ರಿ! ನಮ್ಮದು ಕೆಂಪಿತ್ತು" ಅಂದ. ಲಾಲಿಗೂ ಹಾಗೇ ಅನ್ನಿಸಿತೋ ಏನೋ, ಹತ್ತಿರ ತಂದ ಕೂಡಲೇ ಕಿವಿ ಹಿಂದಕ್ಕೆ ಒತ್ತಿ ಒದ್ದಳು. ಪೆಟ್ಟು ತಾಗಲಿಲ್ಲ, ಮರಿ ಹೆದರಿ ಬಿತ್ತು. ಕೌದಿ ಹೊದಿಸಿ ಮತ್ತೆ ತಂದೆವು. ಮೂಸಿದಳು, ಜೋರಾಗಿ ಕಿರುಚಿ ಹಿಂದೆ ಸರಿದಳು. ಕೆರೆಗೆ ಸ್ನಾನಕ್ಕೆ ಬಂದ ಜನ ಸುತ್ತ ನಿಂತು ಆಳಿಗೊಂದು ಬುದ್ಧಿ ಹೇಳುತ್ತಿದ್ದರು. ಅಪ್ಪ, "ಸಾಕು ಬಿಡವ್ವಾ. ಆಕೀ ಜೀವಾನೂ ಯಾಕ ಹಿಂಸಾ ಮಾಡೂದು?" ಅಂದ.

ಅಷ್ಟು ಹೊತ್ತು ನಾನು ಅವಳನ್ನು ಕನ್ನಡದಲ್ಲಿ ರಮಿಸುತ್ತಿದ್ದೆ ಅಕ್ಕಾ! ನಿಮ್ಮ ಮಾತು ಆಗ ನೆನಪಾಗಿ, "ಬಸ್ ಬೇಟಾ, ಬಸ್" ಅಂದೆ. ನನ್ನ ಬಾಯಲ್ಲಿ ಅದು ಹೇಗೆ ಬಂತೋ, ನೆರೆದವರು ನಕ್ಕರು. ಲಾಲಿಯ ಕಿವಿ ಮಾತ್ರ ನನ್ನ ಕಡೆ ತಿರುಗಿದವು.

ಆಮೇಲೆ ನನಗೊಂದು ಹೊಳೆಯಿತು. ಬಾಬುಸಾಬಣ್ಣನಿಂದ ಅವಳ ಹಾಲನ್ನೇ ಸ್ವಲ್ಪ ಹಿಂಡಿಸಿ ಮರಿಯ ತಲೆಗೆ, ಬೆನ್ನಿಗೆ, ನನ್ನ ಕೈಗೆ ಸವರಿದೆ. ಆ ಕೈಯನ್ನು ಕೌದಿಯಲ್ಲಿ ಒರೆಸಿ ಮರಿಯ ಬೆನ್ನಿನ ಮೇಲಿಟ್ಟೆ. ಲಾಲಿ ಬಗ್ಗಿ ನನ್ನ ಕೈ ಮೂಸಿದಳು. ನೆಕ್ಕಿದಳು. ನಿಮ್ಮ ಕೈ ನೆಕ್ಕುತ್ತಿದ್ದ ಹಾಗೆಯೇ ಇರಬೇಕು. ನೆಕ್ಕುತ್ತ ನೆಕ್ಕುತ್ತ ಕೈ ದಾಟಿ ಮರಿಯ ಬೆನ್ನಿಗೆ ಹೋದಳು, ಕುತ್ತಿಗೆಗೆ ಬಂದಳು. ನಾನು ಮೆಲ್ಲಗೆ ಕೈ ತೆಗೆದೆ. ಅವಳು ನಿಲ್ಲಿಸಲಿಲ್ಲ.

ಮರಿ ಎದ್ದು ಮೊದಲು ಬಾಬುಸಾಬಣ್ಣನ ಮೊಳಕಾಲಿಗೆ ಮೂತಿ ಒತ್ತಿತು, ಆಮೇಲೆ ಬಂಡಿಯ ಗಾಲಿಗೆ. ಆಮೇಲೆ ಸಿಕ್ಕಿತು. ಬುದ್ಧಿ ಹೇಳುತ್ತಿದ್ದ ಜನವೇ ಕುಡಿಯುವ ಸಪ್ಪಳ ಕೇಳಲು ಹತ್ತಿರ ಬಗ್ಗಿದರು. ಅಪ್ಪ ನಮಗೆ ಬೆನ್ನು ತಿರುಗಿಸಿ ಕೆರೆಯ ಕಡೆ ನೋಡುತ್ತ ನಿಂತುಬಿಟ್ಟ.

ನಿಮ್ಮ ಕರಾರಿನಂತೆ ಎಲ್ಲ ಬರೆದ,
ಶಾರವ್ವ

•

ಸವಣೂರು
ತಾ. ೨-೨-೧೯೩೯

ತಂಗೀ,

ಬಾಬುಸಾಬ ಬಂದು ಹೇಳಿದ್ದು ಇಷ್ಟೇ: "ಎಲ್ಲಾ ಬರೋಬ್ಬರ ಆತ್ರಿ ಭಾಬಿ." ಗಂಡಸರಿಗೆ ದಾರಿ ಸವೆಸುವುದು ಗೊತ್ತು, ದಾರಿ ಹೇಳುವುದು ಗೊತ್ತಿಲ್ಲ. ನಿನ್ನ ಪತ್ರವನ್ನು ಓದಿ ಓದಿ ಮಡಿಕೆ ಹರಿಯಲು ಬಂದಿದೆ.

ನಾನು ಶಿಗ್ಗಾಂವಿ ದಾಟಿ ಆಚೆ ಹೋದವಳಲ್ಲ. ಅದಕ್ಕೆ ಕೇಳುತ್ತೇನೆ. ಲಾಲಿಯನ್ನು ಎಲ್ಲಿ ಕಟ್ಟುತ್ತೀರಿ? ಅಲ್ಲಿಂದ ಅವಳಿಗೆ ಏನು ಕಾಣುತ್ತದೆ? ಹೊಲವೋ ಗುಡ್ಡವೋ? ನಿಮ್ಮ ನೆಲ ಕೆಂಪೋ ಕಪ್ಪೋ? ಟಾಂಗಾ ಇಲ್ಲದೆ ಅವಳಿಗೆ ಹೊತ್ತು ಹೇಗೆ ಹೋಗುತ್ತದೆ? ನಿನ್ನ ಅವ್ವ ಈಗಲೂ ರೇಗುತ್ತಾಳೆಯೇ? ನಿನಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು?

ಇಲ್ಲಿ ಕೊಟ್ಟಿಗೆ ಖಾಲಿ. ಹಾಲು ಹಿಂಡುವ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲುತ್ತೇನೆ, ಆಮೇಲೆ ಮತ್ತೆ ಕೂರುತ್ತೇನೆ. ಆ ಬೆಳಗಿನಿಂದ ಕಣ್ಣು ಮುಚ್ಚಿದರೆ ಬೆರಳಿಗೆ ಆ ರೆಪ್ಪೆ ತಾಕಿದ ಹಾಗಾಗಿ ಎಚ್ಚರವಾಗುತ್ತಿತ್ತು. ನಿನ್ನ ಪತ್ರ ಬಂದ ಮೇಲೆ ಒಂದೆರಡು ಸಲ ಪೂರ್ತಿ ನಿದ್ದೆ ಬಂದಿದೆ.

ಎಲ್ಲಕ್ಕೂ ಉತ್ತರ ಬೇಕೆನ್ನುವ,
ಕುಲಸುಮಬಿ

•

ಚಿಕ್ಕೇರೂರು
ತಾ. ೨೦-೩-೧೯೩೯

ಅಕ್ಕಾ,

ಸುಗ್ಗಿಯ ಕೆಲಸದಲ್ಲಿ ತಡವಾಯಿತು. ನಿಮ್ಮ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡಿದ್ದೇನೆ.

ಲಾಲಿಯನ್ನು ಕಟ್ಟುವುದು ಹಿತ್ತಲ ಬೇವಿನ ಮರಕ್ಕೆ. ಅಲ್ಲಿಂದ ಜೋಳದ ಹೊಲ, ಅದರಾಚೆ ಬೋಳು ದಿಬ್ಬ, ದಿಬ್ಬದ ಮೇಲೆ ಒಮ್ಮೊಮ್ಮೆ ಕುರಿ ಕಾಣುತ್ತವೆ. ಇಲ್ಲಿಯ ನೆಲ ಕೆಂಪು, ಅವಳಿಗಿಂತ ಒಂದಿಷ್ಟು ಕಡಿಮೆ. ಅವಳ ಹೊತ್ತನ್ನೆಲ್ಲ ಮರಿಯೇ ತಿನ್ನುತ್ತದೆ. ಅದು ಓಡಿ ದೂರ ಹೋದರೆ ಮೂಗಿನಲ್ಲಿ ಮೆಲ್ಲಗೆ ಕೂಗುತ್ತಾಳೆ. ನೀವು ಬರೆದ ಕೂಗು ಇದೇ ಇರಬೇಕು. ಮರಿ ತಿರುಗಿ ಬರುತ್ತದೆ.

ಅವ್ವ ಮೊದಲು "ಸಾವಾದ ಮನಿ ಕುದುರಿ ತಂದು ನಮ್ಮ ಹಿತ್ತಲದಾಗ ಕಟ್ಟೀರಿ, ಛಲೋ ಆಕ್ಕೈತೇನು?" ಎಂದು ಗೊಣಗಿದಳು. ಹೋದ ವಾರ ನೋಡುತ್ತೇನೆ, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಬೆಲ್ಲ ತಂದು ತಿನ್ನಿಸುತ್ತ "ಬಸ್ ಬೇಟಾ" ಅನ್ನುತ್ತಿದ್ದಳು!

ಇನ್ನೊಂದು ವಿಷಯ. ಹಿರೇಕೆರೂರಿಗೆ ಸರಕಾರದ ಬೀಜದ ಕುದುರೆ ಬಂದಿದೆ. ಲಾಲಿಗೆ ಗಂಡು ಕೂಡಿಸುವುದೇ ಎಂದು ಅಪ್ಪ ನಿಮ್ಮನ್ನು ಕೇಳಲು ಹೇಳಿದ್ದಾನೆ. ಅವಳು ನಿಮ್ಮವಳು, ನೀವು ಹೇಳಿದಂತೆ.

ಮರಿಗೆ ಇನ್ನೂ ಹೆಸರಿಟ್ಟಿಲ್ಲ. ಅದೂ ನಿಮಗೇ ಬಿಟ್ಟದ್ದು.

ಶಾರವ್ವ

•

ಸವಣೂರು
ತಾ. ೫-೪-೧೯೩೯

ಶಾರವ್ವಾ,

ಗಂಡು ಕೂಡಿಸುವ ಮಾತು ಬೇಡ. ಮತ್ತೆ ಬರೆಯಬೇಡ. ಮತ್ತೊಮ್ಮೆ ಹನ್ನೊಂದು ತಿಂಗಳು ಕಾದು, ಮತ್ತೊಮ್ಮೆ ಕೈ ಹಾಕಿ, ಮತ್ತೊಮ್ಮೆ ಅದೇ ಆದರೆ? ನನ್ನಿಂದಾಗದು.

ಈ ತಿಂಗಳ ನಡುವೆ ನನ್ನ ಇದ್ದತ್ತು ಮುಗಿಯುತ್ತದೆ. ಹೊಸ್ತಿಲು ದಾಟಿ ಮೊದಲು ಎಲ್ಲಿಗೆ ಹೋಗುತ್ತೀ ಎಂದು ಓಣಿಯ ಹೆಂಗಸರು ಕೇಳುತ್ತಾರೆ. ತವರಿಗೆ ಅನ್ನುತ್ತೇನೆಂದು ಅವರ ಅಂದಾಜು. ಚಿಕ್ಕೇರೂರಿಗೆ ಎಂದೆ. ಅದೆಲ್ಲಿದೆ ಎಂದು ಕೇಳಿದರು. ನೀನು ಬರೆದದ್ದನ್ನೆಲ್ಲ ಹೇಳಿದೆ, ನಾನೇ ನೋಡಿ ಬಂದವಳ ಹಾಗೆ.

ಮದುವೆಯ ಪ್ರಶ್ನೆಯೊಂದಕ್ಕೆ ನೀನು ಉತ್ತರ ಕೊಟ್ಟಿಲ್ಲ.

ಕುಲಸುಮಬಿ

•

ಸವಣೂರು
ತಾ. ೨-೫-೧೯೩೯

ತಂಗೀ,

ನಿಮ್ಮ ಊರಿಂದ ಹೊರಟವಳು ಮೋಟಾರು ಇಳಿದು ಮನೆ ಮುಟ್ಟಿದೆ. ನಿನ್ನ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಬಾಬುಸಾಬನೇ ಮುಗಿಸಿದ.

ಅಲ್ಲಿ ನಿನ್ನೆದುರು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ, ಲಾಲಿ ಗುರುತು ಹಿಡಿಯುತ್ತಾಳೋ ಇಲ್ಲವೋ ಎಂದು. ಬೇವಿನ ಕೆಳಗೆ ನಿಂತಿದ್ದವಳು ತಲೆ ಎತ್ತಿದಳು, ಹತ್ತಿರ ಬಂದಳು, ನನ್ನ ಕೈ ಮೂಸಿದಳು. ನೀನು ಹಿಂದೆ ನಿಂತು ನೋಡುತ್ತಿದ್ದೆ. ನೆಕ್ಕಲಿ ಎಂದು ನಾನು ಅಂಗೈ ತೆರೆದೇ ಹಿಡಿದಿದ್ದೆ. ನೆಕ್ಕಲಿಲ್ಲ. ಹಣೆಯಿಂದ ನನ್ನ ಭುಜಕ್ಕೊಂದು ಗುದ್ದು ಕೊಟ್ಟು, ತಿರುಗಿ ಮರಿಯ ಹತ್ತಿರ ಹೋದಳು. ನನ್ನ ಕೈಯಲ್ಲಿ ಹುಡುಕುವಂಥದ್ದು ಅವಳಿಗೆ ಏನೂ ಉಳಿದಿರಲಿಲ್ಲ. ನನಗೆ ಬೇಸರವಾಯಿತೆಂದು ನೀನು ತಿಳಿದೆ, ಓಡಿ ಬಂದು ಹೆಗಲ ಮೇಲೆ ಕೈ ಇಟ್ಟೆ. ಬೇಸರವಲ್ಲ ಅದು. ಹೊತ್ತಿದ್ದನ್ನು ಯಾರೋ ಇಳಿಸಿಕೊಂಡಂತಾಯಿತು.

ಮರಿಗೆ ಶಬನಮ್, ಅಂದರೆ ಇಬ್ಬನಿ, ಎಂದು ನಾನು ಹೆಸರಿಟ್ಟರೆ ತಿಪ್ಪವ್ವನ ಬಾಯಲ್ಲಿ ಅದು ಆಗಲೇ ಸಬ್ಬವ್ವ ಆಗಿದೆ. ಇರಲಿ, ಕರೆದರೆ ಬಂದರಾಯಿತು.

ಬೇವಿನ ನೆರಳಲ್ಲಿ ನೀನು ನಿನ್ನ ಗಂಡನ ಮನೆಯ ಬಗ್ಗೆ ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ಅಲ್ಲಿಗೆ ತಿರುಗಿ ಹೋಗಬೇಕೋ ಬೇಡವೋ ಎಂದು ನೀನು ಕೇಳಿದೆ. ನನಗೆ ತಿಳಿಯದು. ಆದರೆ ಉತ್ತರ ಇವತ್ತೇ ಸಿಗಬೇಕೆಂದೇನೂ ಇಲ್ಲ.

ನಿನ್ನ ಅಕ್ಕ,
ಕುಲಸುಮಬಿ

•

ಚಿಕ್ಕೇರೂರು
ತಾ. ೧೮-೭-೧೯೩೯

ಅಕ್ಕಾ,

ಮಳೆ ಹೊಳವಾದದ್ದು ನೋಡಿ ಬಾಬುಸಾಬಣ್ಣ ಇವತ್ತು ಲಾಲಿಯನ್ನು ಕರೆದುಕೊಂಡು ಹೊರಟ. ಈ ಪತ್ರವೂ ಅವನ ಕೈಯಲ್ಲೇ. ಸಬ್ಬವ್ವ ಹುಲ್ಲು, ನುಚ್ಚು, ಅವ್ವನ ಸೆರಗು, ಎಲ್ಲ ತಿನ್ನುತ್ತದೆ. ಹಾಲು ಬಿಡಿಸಿದ್ದೇವೆ.

ಬೀಳ್ಕೊಡುವಾಗ ಮರಿಯನ್ನು ಒಳಗೆ ಕಟ್ಟಿ ಮರೆಮಾಡೋಣ ಎಂದ ಅಪ್ಪ. ನಾನು ಬೇಡ ಅಂದೆ. ಬೆಳಿಗ್ಗೆ ಇಬ್ಬರನ್ನೂ ಹಿತ್ತಲಲ್ಲಿ ಬಿಟ್ಟು ಸುಮ್ಮನೆ ಕುಳಿತೆವು. ಲಾಲಿ ಅದರ ಕುತ್ತಿಗೆಯ ಮೇಲೆ ತಲೆ ಇಟ್ಟು ನಿಂತಳು. ಹೊರಟ ಮೇಲೆ ತಿರುವಿನವರೆಗೂ ತಿರುಗಿ ತಿರುಗಿ ನೋಡಿದಳು. ಮರಿ ಕೂಗುತ್ತಿದೆ, ನಾನು ಬರೆಯುತ್ತಿದ್ದೇನೆ. ಬಾಬುಸಾಬಣ್ಣನ ಹಿಂದೆ ಓಡಿ ಈ ಕಾಗದ ಕೊಡಬೇಕು.

ಅಲ್ಲಿ ಮುಟ್ಟಿದ ಮೇಲೆ ಅವಳು ಏನು ಮಾಡುತ್ತಾಳೆಂದು ನನಗೆ ತಿಳಿಯಲೇಬೇಕು. ಈ ಸಲ ನೋಡಿ ಹೇಳುವ ಸರದಿ ನಿಮ್ಮದು.

ಶಾರವ್ವ

•

ಸವಣೂರು
ತಾ. ೩೦-೭-೧೯೩೯

ತಂಗೀ,

ನೋಡಿ ಹೇಳುತ್ತೇನೆ.

ಬಂದ ದಿನ ನೀರು ಮಾತ್ರ ಕುಡಿದಳು. ಮರುದಿನ ಹಾನಗಲ್ಲ ದಾರಿಯ ಕಡೆಗೆ ಮುಖ ಮಾಡಿ ನಿಂತು ಕೂಗಿದಳು, ಮೂಗಿನಲ್ಲಲ್ಲ, ಓಣಿಗೆಲ್ಲ ಕೇಳುವ ಹಾಗೆ ಬಾಯಿ ಬಿಟ್ಟು. ಅದರ ಮರುದಿನ ಹುರುಳಿ ತಿಂದಳು. ಹುಲ್ಲನ್ನು ಒಮ್ಮೆಯೂ ಕೆದರಲಿಲ್ಲ. ಯಾಕೆ ಶಾರವ್ವಾ? ಮರಿ ಬದುಕಿದೆ ಎಂದು ಅವಳಿಗೆ ಗೊತ್ತಿದೆಯೇ? ಕಣ್ಣಾರೆ ನೋಡಿ, ಕುತ್ತಿಗೆಯ ಮೇಲೆ ತಲೆ ಇಟ್ಟು ಬಂದದ್ದಕ್ಕೋ? ಬಾಬುಸಾಬನನ್ನು ಕೇಳಿದರೆ "ಕುದುರಿಗೆ ಅಷ್ಟೆಲ್ಲಾ ಏನ್ ತಿಳೀತೈತ್ರಿ?" ಅನ್ನುತ್ತಾನೆ. ನಿನ್ನ ಅಪ್ಪನನ್ನು ಕೇಳಿ ಬರೆ. ನಿನಗೇನನ್ನಿಸುತ್ತದೆ ಅದನ್ನೂ ಬರೆ.

ನಿನ್ನೆಯಿಂದ ಟಾಂಗಾ ಕಟ್ಟಿದ್ದೇವೆ. ಮೊದಲ ಸವಾರಿ ನನ್ನದೇ, ಯಜಮಾನರ ಗೋರಿಯವರೆಗೆ. ಅಲ್ಲಿ ಕುಳಿತು ಅವರಿಗೆ ಹಾನಗಲ್ಲಿನ ಕೆರೆಯ ಬದಿಗೆ ಆದದ್ದನ್ನೆಲ್ಲ ಹೇಳಿದೆ. ತಿರುಗಿ ಬರುವಾಗ ಬಾಬುಸಾಬ ಮುಂದೆ ಕುಳಿತಲ್ಲಿಂದಲೇ, "ಭಾಬಿ, ಹಿರೇಕೆರೂರಿನ ಆ ಗಂಡು ಕುದುರಿ ನಾ ನೋಡೇನ್ರಿ. ಬೂದಿ ಬಣ್ಣ, ಭಾಳ ಶಾಂತ ಐತಿ" ಅಂದ. ಮನೆ ಬರುವವರೆಗೂ ಲಾಲಿಯ ಕೆಂಪು ಬೆನ್ನನ್ನೇ ನೋಡುತ್ತ ಕುಳಿತೆ.

ಬರೆಯಬೇಡ ಎಂದು ನಿನಗೆ ನಾನೇ ಹೇಳಿದ್ದೆ. ನೀನು ಬರೆಯಲಿಲ್ಲ. ಈಗ ನಾನು ಬರೆಯುತ್ತಿದ್ದೇನೆ. ಮಳೆಗಾಲ ಕಳೆದ ಮೇಲೆ ಬಾಬುಸಾಬ ಅವಳನ್ನು ಹಿರೇಕೆರೂರಿಗೆ ಕರೆತರುತ್ತಾನೆ. ದಿನ ತುಂಬುವ ಹೊತ್ತಿಗೆ ನೀನು ಸವಣೂರಿಗೆ ಬಂದು ನನ್ನ ಹತ್ತಿರ ಇರಬೇಕು. ಕುದುರೆ ವೈದ್ಯನಿಗೂ ಮೊದಲೇ ಹೇಳಿ ಇಟ್ಟಿರುತ್ತೇನೆ. ಹೆದರಿಕೆ ಹೋಗಿದೆ ಎಂದು ತಿಳಿಯಬೇಡ. ಇದನ್ನು ಬರೆಯುವಾಗಲೂ ಇದೆ.

ಆದರೆ ತಾಯಿ ಕೆಂಪು, ತಂದೆ ಬೂದು. ಮರಿ ಯಾವ ಬಣ್ಣದ್ದಾಗುತ್ತದೆ? ಬಾಬುಸಾಬ ಕೆಂಪೇ ಅನ್ನುತ್ತಾನೆ. ಪಕ್ಕದ ಮನೆಯ ರಮಜಾನಬಿ ಬೂದು ಎಂದು ಪಣ ಕಟ್ಟಲು ನಿಂತಿದ್ದಾಳೆ. ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನನಗೆ ಅದನ್ನು ನೋಡಬೇಕಾಗಿದೆ, ಶಾರವ್ವಾ.

ಕುಲಸುಮಬಿ